ಗಾಲಿಯಲ್ಲಿ ಅಡಗಿದ ಬಿಗುಪು

ಹಾಸನದ ಕಡೆಯಿಂದ ಬಂಟ್ವಾಳಕ್ಕೆ ಬರುವ ಸಾಮಾನು ಗಾಡಿಗಳು ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವಣ 55 ಕಿಲೋಮೀಟರು ಘಟ್ಟವನ್ನು ಇಳಿದು ಬಂದವುಗಳು. 50 ಅಡಿಗೆ 1 ಅಡಿ ಇಳಿಯುವ ಆ ಹಾದಿಯಲ್ಲಿ ಬ್ರೇಕಿನ ಕಟ್ಟೆಗಳು ಗಾಲಿಯ ಮೈಯನ್ನೇ ಉಜ್ಜುತ್ತ ಬರಬೇಕು. ಬೆಳ್ತಂಗಡಿ, ಮೂಡಬಿದಿರೆಗಳಿಗೆ ಹಳಿಯಿಲ್ಲವೆಂದು ಅಲ್ಲಿಯ ಮಹನೀಯರು ಇದನ್ನು ಪರರ ವಿಷಯವೆಂದು ಬಗೆಯಲಾಗದು. ಬೆಂಗಳೂರಿಗೆ ಗಾಡಿಯಲ್ಲಿ ಹೊರಟರೆ ಅವರ ಹಾದಿಯೂ ಅದೇ ಹಳಿಯಷ್ಟೆ.

1984ರಲ್ಲಿ ಆರಂಭವಾದ ಯಲಹಂಕದ ಕಾರ್ಖಾನೆಯಲ್ಲಿ ಗಾಲಿಯನ್ನು ಗ್ರಾಫೈಟಿನ ಅಚ್ಚಿನಲ್ಲಿ ಎರಕ ಹೊಯ್ದು, ಮರಳಿ ಕಾಯಿಸಿ, ಅಂಚನ್ನು ನೀರಿನಿಂದ ತಣಿಸುವರು. ಅಂಚು ಮೊದಲು ಗಟ್ಟಿಯಾಗುವುದು. ಒಳಭಾಗವು ತಡವಾಗಿ ಕುಗ್ಗುತ್ತ ಅದನ್ನು ಅದುಮಿ ಹಿಡಿಯುವುದು. ಈ ಅದುಮು ಗಾಲಿಗೆ ಕವಚವಿದ್ದಂತೆ. ಸಣ್ಣ ಬಿರುಕು ಹುಟ್ಟಿದರೂ ಬಾಯಿ ತೆರೆಯಗೊಡದು. ಆದರೆ ಬ್ರೇಕಿನಿಂದ ಅಂಚು ಅತಿಯಾಗಿ ಕಾದು, ಹಿಗ್ಗಲೆಡೆಯಿಲ್ಲದೆ ಒಳಗೊಳಗೇ ಸೋತು, ಆರಿದ ಬಳಿಕ ಕುಗ್ಗಿತೆಂದರೆ ಕವಚವೇ ಶತ್ರುವಾಗುವುದು. ಎತ್ತಿನ ಗಾಡಿಯ ಗಾಲಿಗೆ ಕಮ್ಮಾರನು ಕಾಯಿಸಿ ಏರಿಸಿದ ಕಬ್ಬಿಣದ ಪಟ್ಟಿಯು ಆರಿದ ಮೇಲೆ ಎಷ್ಟು ಬಿಗಿದು ನಿಲ್ಲುವುದೆಂಬುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಂತಹ ಸೆಳೆತದಲ್ಲಿ ಬಿರುಕೊಂದು ಗಾಲಿಯನ್ನೇ ಸೀಳಬಲ್ಲುದು.

ಈ ಬಿಗುಪು ಕಣ್ಣಿಗೆ ಕಾಣದು. ಅದನ್ನು ಅರಿಯುವ ಹಳೆಯ ಕ್ರಮವೆಂದರೆ ಗಾಲಿಯನ್ನು ಗರಗಸದಿಂದ ಕೊಯ್ದು, ಸೀಳು ಮುಚ್ಚುವುದೋ ಅಗಲುವುದೋ ಎಂದು ನೋಡುವುದು. ಪರೀಕ್ಷೆ ಮುಗಿಯುವಾಗ ಗಾಲಿಯೂ ಮುಗಿದಿರುವುದು! ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವ ನಮ್ಮ ಗೃಹಿಣಿಯರ ಜಾಣ್ಮೆ ಇದಕ್ಕಿಂತ ಮೇಲು. ಶ್ರವಣಾತೀತ ಧ್ವನಿಯ ಪರೀಕ್ಷೆಯು ಆ ಜಾಣ್ಮೆಗೆ ಸಮೀಪವಾದದ್ದು. ಸೆಕೆಂಡಿಗೆ ಹಲವು ಲಕ್ಷ ಸಲ ಕಂಪಿಸುವ ಅಡ್ಡತರಂಗವನ್ನು ಅಂಚಿನ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಕಳುಹಿ, ಕಂಪನದ ದಿಕ್ಕನ್ನು ಒಮ್ಮೆ ಗಾಲಿಯ ಸುತ್ತಿಗೂ ಒಮ್ಮೆ ಅರಕ್ಕೂ ಹೊಂದಿಸುವರು. ಉಕ್ಕಿನಲ್ಲಿ ಬಿಗುಪಿದ್ದರೆ ಎರಡರ ವೇಗವೂ ಒಂದೇ ಆಗಿರದು. ಅಂತರವು ಸಾವಿರದಲ್ಲಿ ಒಂದಂಶದ ಆಸುಪಾಸು ಮಾತ್ರ. ಆದರೂ ಯಂತ್ರವು ಅದನ್ನು ಹಿಡಿಯಬಲ್ಲುದು. ಲೋಹದ ಕಣಗಳ ಜೋಡಣೆಯಿಂದಲೂ ಇಂತಹ ಅಂತರವುಂಟಾಗುವುದರಿಂದ, ಬಿಗುಪಿಲ್ಲದ ಅದೇ ಜಾತಿಯ ಉಕ್ಕಿನ ಅಳತೆಯನ್ನು ಮೊದಲೇ ತಿಳಿದಿರತಕ್ಕದ್ದು.

ಬಿರುಕನ್ನು ಹುಡುಕುವ ಪರೀಕ್ಷೆಯೇ ಬೇರೆ, ಬಿಗುಪನ್ನು ಅಳೆಯುವ ಪರೀಕ್ಷೆಯೇ ಬೇರೆ. ಕಾರ್ಖಾನೆಯಿಂದ ನಿರ್ದೋಷವೆಂದು ಹೊರಟ ಗಾಲಿಯ ಒಳಗನ್ನು ಘಟ್ಟದ ಕಾವು ಬದಲಿಸಿರಬಹುದು. ಆದುದರಿಂದ ಸವೆದ ಮೈಯನ್ನು ಕಡೆಯಲೆಂದು ಗಾಲಿಯು ಕಾರ್ಯಾಗಾರಕ್ಕೆ ಬಂದಾಗಲೇ ಅದರ ಬಿಗುಪನ್ನೂ ಅಳೆದು, ಸೆಳೆತ ಮೀರಿದುದನ್ನು ಮರಳಿ ಹಳಿಗಿಳಿಸದಿರುವ ಏರ್ಪಾಡು ಇಂತಹ ಮಾರ್ಗದ ಗಾಡಿಗಳಿಗೆ ಮೊದಲು ಆಗತಕ್ಕದ್ದು.