ಮಾಗಳದ ಕಲ್ಲಿನಲ್ಲಿ ಅರಳಿದ ಚಿತ್ತಾರ

ಹೂವಿನಹಡಗಲಿ ತಾಲ್ಲೂಕಿನ ಮಾಗಳಕ್ಕೆ ಹೋದ ನಾವು ಸೂರ್ಯನಾರಾಯಣ ದೇವಾಲಯದಲ್ಲಿ ಕೈಮುಗಿದು ಬೇಗನೆ ಹಿಂದಿರುಗುತ್ತೇವೆ. ಬಾಗಿಲುವಾಡದ ಬಳಿ ಒಂದು ಗಳಿಗೆ ನಿಂತು ನೋಡಿದರೆ, ನಮ್ಮ ತಾಯಂದಿರು ಅಂಗಳದಲ್ಲಿ ಬಿಡಿಸುವ ರಂಗವಲ್ಲಿಯ ಬಳ್ಳಿ, ಸುರುಳಿ, ಹೂವುಗಳೇ ಕಲ್ಲಿನಲ್ಲಿ ಅರಳಿದಂತೆ ತೋರುತ್ತದೆ. ಇದು ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು. ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಆದುದರಿಂದಲೇ ಉಳಿಗೆ ಇಷ್ಟು ನಯ ಸಾಧ್ಯವಾಯಿತು. ಕಂಬಗಳು ತಿರುಗಣಿಯಲ್ಲಿ ಕಡೆದಂತೆ ದುಂಡಗಾದವು.

1896ರಲ್ಲಿ ಅಲೆಕ್ಸಾಂಡರ್ ರೀ ಅವರು ಮಾಗಳವೂ ಸೇರಿದಂತೆ ಅಂದಿನ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳನ್ನು ರೇಖಾಚಿತ್ರಗಳೊಡನೆ ಗ್ರಂಥರೂಪದಲ್ಲಿ ಪ್ರಕಟಿಸಿದರು. ಹೊರನಾಡಿನವರು ಗೆರೆಗೆರೆಯಾಗಿ ಬರೆದುಕೊಂಡದ್ದನ್ನು ನೆರೆಯೂರಿನ ನಾವು ಕಣ್ಣೆತ್ತಿ ನೋಡದಿರುವುದು ಸರಿಯೇ?

ಭಕ್ತಿಯಿಂದಲೇ ಬಳಿದ ಸುಣ್ಣ, ಎಣ್ಣೆಬಣ್ಣಗಳು ಎಷ್ಟೋ ಊರುಗಳ ಗುಡಿಗಳಲ್ಲಿ ಇಂಥ ಸೂಕ್ಷ್ಮ ಗೆರೆಗಳನ್ನು ಮುಚ್ಚಿಹಾಕಿವೆ. ಮುಚ್ಚಿದ ಗೆರೆ ಮುಂದಿನವರಿಗೆ ಕಾಣದು. ಆದುದರಿಂದ ಮಕ್ಕಳ ಕೈಗೆ ಹಾಳೆ, ಪೆನ್ಸಿಲು ಕೊಟ್ಟು ಅಲ್ಲಿಗೆ ಕರೆದೊಯ್ಯೋಣ. ಅವರು ಬರೆದುತಂದ ಒಂದು ಬಳ್ಳಿ ಮರುದಿನ ನಮ್ಮ ಹೊಸ್ತಿಲ ಮುಂದೆ ರಂಗವಲ್ಲಿಯಾಗಲಿ. ಅಂದಿನ ಶಿಲ್ಪಿಯ ಕಾಯಕಕ್ಕೆ ನಾವು ಸಲ್ಲಿಸಬಹುದಾದ ಗೌರವ ಅದೇ.