ಎಳೆಗೂಸುಗಳ ಮೈಮೇಲೆ ಮೂಡುವ ಕೆಂಪು ಚಕ್ರಗಳು



ಎಳೆಗೂಸುಗಳಿಗೆ ಬರುವ ವ್ಯಾಧಿಗಳಲ್ಲಿ ನೋಟಕ್ಕೆ ಭೀಕರವಾಗಿದ್ದರೂ ಪರಿಣಾಮದಲ್ಲಿ ನಿರಪಾಯವಾದುದು ಒಂದುಂಟು. ಅದರ ಸ್ವರೂಪವನ್ನೂ, ಅದರಂತೆಯೇ ತೋರುವ ಪ್ರಾಣಾಂತಿಕ ರೋಗವೊಂದಕ್ಕೂ ಅದಕ್ಕೂ ಇರುವ ಭೇದವನ್ನೂ ಈ ಹೊತ್ತು ಸಂಕ್ಷೇಪವಾಗಿ ತಿಳಿಸುತ್ತೇನೆ.

ಈ ವ್ಯಾಧಿಯು ಸಾಮಾನ್ಯವಾಗಿ 4 ತಿಂಗಳಿಂದ 2 ವರ್ಷದೊಳಗಿನ ಮಕ್ಕಳಿಗೆ ಬರತಕ್ಕುದು. ಬಹುಮಟ್ಟಿಗೆ ನೆಗಡಿ ಕೆಮ್ಮುಗಳಾದ ಕೆಲವು ದಿನಗಳ ಮೇಲೆ ಕೆನ್ನೆ, ಕಿವಿ, ಕೈಕಾಲುಗಳಲ್ಲಿ ಕೆಂಪು ಮಚ್ಚೆಗಳು ಏಳುತ್ತವೆ. ಅವು ಬೇಗನೆ ನಾಣ್ಯದಗಲ ಹರಡಿ, ಊದಾ ಬಣ್ಣಕ್ಕೆ ತಿರುಗಿ, ಒಂದರೊಳಗೊಂದು ಬರೆದ ಚಕ್ರಗಳಂತೆ ಕಾಣುತ್ತವೆ. ಮುಖ ಕೈಕಾಲುಗಳು ಊದಿಕೊಳ್ಳುತ್ತವೆ. ಸ್ವಲ್ಪ ಜ್ವರವೂ ಇರಬಹುದು. ಆದರೆ ಕೂಸು ಎಂದಿನಂತೆ ಹಾಲು ಕುಡಿಯುತ್ತದೆ, ನಗುತ್ತದೆ, ಆಡುತ್ತದೆ. ಚರ್ಮದ ಭೀಕರತೆಗೂ ಕೂಸಿನ ನೆಮ್ಮದಿಗೂ ಇರುವ ಈ ಅಂತರವೇ ವ್ಯಾಧಿಯ ವಿಶೇಷ ಲಕ್ಷಣ.

1913ರಲ್ಲಿ ಅಮೆರಿಕದ ಡಾಕ್ಟರ್ ಸ್ನೋ ಎಂಬವರು ಎದೆಹಾಲು ಕುಡಿಯುವ ಕೂಸೊಂದರಲ್ಲಿ ಇದನ್ನು ಕಂಡು ವರ್ಣಿಸಿದರು. 1938ರಲ್ಲಿ ಜರ್ಮನಿಯ ಶಿಶುವೈದ್ಯ ಫಿಂಕೆಲ್‌ಸ್ಟೈನರು ಇದನ್ನು ಕುರಿತು ಬರೆದರು. ಅವರ ಹೆಸರಿನಿಂದಲೂ ಇದನ್ನು ಕರೆಯುವುದುಂಟು.

ಇದರ ಮೂಲವು ಚರ್ಮದ ಅತಿ ಸಣ್ಣ ರಕ್ತನಾಳಗಳಲ್ಲಿದೆ. ರೋಗಾಣುಗಳನ್ನು ಎದುರಿಸಲು ದೇಹದಲ್ಲಿ ಹುಟ್ಟಿದ ರಕ್ಷಕ ವಸ್ತುಗಳು ಆ ನಾಳಗಳ ಗೋಡೆಯಲ್ಲಿ ತಂಗಿ ಉರಿಯೂತವನ್ನುಂಟುಮಾಡುತ್ತವೆಂದು ವೈದ್ಯರು ಭಾವಿಸುತ್ತಾರೆ. ಗೋಡೆಯು ಸಡಿಲವಾಗಲು, ರಕ್ತಕಣಗಳು ಹೊರಬಂದು ಮಚ್ಚೆಗಳಾಗುತ್ತವೆ. ನೀರು ಜಿನುಗಿ ಬಾವಾಗುತ್ತದೆ.

ಗಾಜಿನ ಲೋಟವನ್ನು ಮಚ್ಚೆಯ ಮೇಲೆ ಒತ್ತಿ ನೋಡಿರಿ. ಸಾಮಾನ್ಯವಾದ ಕೆಂಪು ದದ್ದು ಒತ್ತಿದಾಗ ಮಾಸುತ್ತದೆ. ನಾಳದಿಂದ ಹೊರಬಂದ ರಕ್ತದ ಕಲೆಯು ಮಾಸುವುದಿಲ್ಲ. ಮಾಸದ ಮಚ್ಚೆಯುಳ್ಳ ಕೂಸನ್ನು ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಏಕೆಂದರೆ ಮೆನಿಂಗೊಕಾಕಸ್ ಎಂಬ ರೋಗಾಣುವು ರಕ್ತವನ್ನು ಹೊಕ್ಕಾಗಲೂ ಇಂಥವೇ ಮಚ್ಚೆಗಳು ಮೂಡುತ್ತವೆ. ಆಗ ಕೂಸು ಹಾಲನ್ನೊಲ್ಲದೆ, ಮಂಕಾಗಿ ಜೋತುಬೀಳಬಹುದು, ಕೈಕಾಲುಗಳು ತಣ್ಣಗಾಗಬಹುದು. ಅಲ್ಲಿ ಒಂದೊಂದು ಗಳಿಗೆಯೂ ಅಮೂಲ್ಯ. ಲೋಟದ ಪರೀಕ್ಷೆಯು ಈ ಎರಡನ್ನೂ ಬೇರ್ಪಡಿಸಲಾರದು. ಕೂಸು ಆಡುತ್ತಿದೆಯೆಂದು ಮನೆಯವರೇ ತೀರ್ಮಾನಿಸುವುದೂ ಸಲ್ಲದು. ಅದು ವೈದ್ಯರ ಕೆಲಸ.

ನಿರಪಾಯವಾದ ವ್ಯಾಧಿಯೆಂದು ವೈದ್ಯರು ನಿರ್ಣಯಿಸಿದ ಬಳಿಕ ಮಾಡಬೇಕಾದುದು ಅತ್ಯಲ್ಪ. ಮೂತ್ರಪಿಂಡ, ಕರುಳುಗಳಿಗೆ ತೊಂದರೆಯಾಗುವುದು ಅಪೂರ್ವ. ಆದರೂ ಮೂತ್ರಪರೀಕ್ಷೆ ಮಾಡಿಸುವುದುಂಟು. ವಿಶೇಷ ಔಷಧದ ಅವಶ್ಯಕತೆ ಸಾಮಾನ್ಯವಾಗಿ ಬೀಳುವುದಿಲ್ಲ. ಮಚ್ಚೆಗಳು ಹಳದಿಗೆ ತಿರುಗಿ, 1ರಿಂದ 3 ವಾರಗಳಲ್ಲಿ ತಾವಾಗಿಯೇ ಅಳಿಯುತ್ತವೆ. ಲೇಪ ಕಷಾಯಗಳಿಂದ ಕೂಸನ್ನು ಪೀಡಿಸಬೇಕಾದುದಿಲ್ಲ.

ಇನ್ನೊಂದು ಮಾತು. ಈ ಕಲೆಗಳು ಪೆಟ್ಟಿನ ಗುರುತುಗಳಂತೆ ಕಾಣುವುದರಿಂದ, ಕೂಸನ್ನು ನೋಡಿಕೊಳ್ಳುವವರ ಮೇಲೆ ಸಂದೇಹ ಹುಟ್ಟುವುದುಂಟು. ತಾಯಿಯನ್ನಾಗಲಿ ದಾದಿಯನ್ನಾಗಲಿ ದೂಷಿಸುವ ಮೊದಲು ವೈದ್ಯರ ಅಭಿಪ್ರಾಯವನ್ನು ಕೇಳಿರಿ. ಕೂಸಿಗೆ ಹಾನಿಮಾಡದೆ ಹೋಗುವ ವ್ಯಾಧಿಯು ಮನೆಯವರ ನಡುವಣ ವಿಶ್ವಾಸವನ್ನು ಕೆಡಿಸಿ ಹೋಗಬಾರದು.