ಮನದ ಕಳವಳಕ್ಕೆ ಮೈಯ ಸಾಕ್ಷಿ

ಕಾಪುವಿನ ಕಡಲತಡಿಯಲ್ಲಿ, ಬಂಡೆಯ ನೆತ್ತಿಯ ಮೇಲೆ, 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದರ ಮೆಟ್ಟಿಲುಗಳನ್ನೇರಿ, ಮೇಲೆ ನಿಂತು, ಬಂಡೆಗೆ ಅಪ್ಪಳಿಸುವ ಅಲೆಗಳನ್ನು ಬಗ್ಗಿ ನೋಡಿದಾಗ ನಮ್ಮ ಎದೆ ಡವಡವನೆ ಹೊಡೆದುಕೊಳ್ಳುತ್ತದೆ. ಇದು ಮೆಟ್ಟಿಲು ಹತ್ತಿದ ಆಯಾಸವೋ, ಎತ್ತರದ ಭಯವೋ, ಕಡಲನ್ನು ಕಂಡ ಹರ್ಷವೋ? ನಾಡಿಯನ್ನು ಹಿಡಿದು ಎಣಿಸಿದರೆ ನಿಮಿಷಕ್ಕೆ ಇಷ್ಟು ಬಡಿತವೆಂಬ ಸಂಖ್ಯೆಯೇನೋ ದೊರೆಯುತ್ತದೆ. ಈ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಭಾವನೆಗಳನ್ನು ಅಳೆಯಹೊರಟ ವಿಜ್ಞಾನದ ತೊಡಕು ಇದೇ ಆಗಿದೆ.

ಮನಸ್ಸಿನ ವಿಕಾರಗಳು ಮೈಯಲ್ಲಿ ತೋರುವುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಭರತನ ನಾಟ್ಯಶಾಸ್ತ್ರವು ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಎಂಟು ಸಾತ್ತ್ವಿಕಭಾವಗಳನ್ನು ಹೇಳುತ್ತದೆ. ಸ್ವೇದವೆಂದರೆ ಬೆವರು, ವೇಪಥುವೆಂದರೆ ನಡುಕ, ವೈವರ್ಣ್ಯವೆಂದರೆ ಮೋರೆ ಬಣ್ಣಗೆಡುವುದು. ಬೆವರಿಗೆ ಕ್ರೋಧ, ಭಯ, ಹರ್ಷ, ಶ್ರಮ, ತಾಪ ಮೊದಲಾದ ಅನೇಕ ಕಾರಣಗಳುಂಟೆಂದೂ ಆ ಗ್ರಂಥವು ಗುರುತಿಸಿದೆ. ಚಿಹ್ನೆ ಒಂದು, ಕಾರಣ ಹಲವು!

ಉಡುಪಿಯ ಸೀಮೆಯಲ್ಲಿ ಯಕ್ಷಗಾನ ಬಯಲಾಟವನ್ನು ನೋಡಿದವರಿಗೆ ಇದರ ನಿದರ್ಶನ ಸುಲಭವಾಗಿ ದೊರೆಯುತ್ತದೆ. ಭಾರವಾದ ವೇಷಭೂಷಣದೊಳಗೆ ಕುಣಿಯುವ ಕಲಾವಿದನ ಬೆನ್ನು ಬೆವರುವುದು ದೇಹದ ಕಾವನ್ನು ಇಳಿಸುವುದಕ್ಕಾಗಿ. ಬಣ್ಣದ ವೇಷವು ಅಬ್ಬರಿಸುತ್ತ ರಂಗಕ್ಕೆ ಬಂದಾಗ ಮುಂದೆ ಕುಳಿತ ಬಾಲಕನ ಅಂಗೈ ಒದ್ದೆಯಾಗುವುದಾದರೋ ಮನಸ್ಸಿನ ಉದ್ವೇಗದಿಂದ. ಅಂಗೈ ಅಂಗಾಲುಗಳ ಸ್ವೇದಗ್ರಂಥಿಗಳು ಸೆಕೆಗಿಂತ ಉದ್ವೇಗಕ್ಕೆ ಹೆಚ್ಚಾಗಿ ಓಗೊಡುತ್ತವೆ.

ಇದಕ್ಕೆ ಕಾರಣವಾದುದು ಅನುವೇದಕ ನರವ್ಯೂಹ. ನಮ್ಮ ಇಚ್ಛೆಗೆ ಒಳಪಡದ ಈ ನರಗಳು ಅಪಾಯದ ಸುಳಿವು ಸಿಕ್ಕೊಡನೆ ಎಚ್ಚತ್ತು ಹೃದಯದ ಬಡಿತವನ್ನು ಹೆಚ್ಚಿಸುತ್ತವೆ, ಕಣ್ಣಪಾಪೆಯನ್ನು ಹಿಗ್ಗಿಸುತ್ತವೆ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಹೋರಾಟಕ್ಕೋ ಪಲಾಯನಕ್ಕೋ ದೇಹವು ನಡೆಸುವ ಸಿದ್ಧತೆಯೆಂದು ವಿವರಿಸಿದನು.

ಈ ಸಿದ್ಧತೆಯನ್ನು ವಿದ್ಯುತ್ತಿನಿಂದ ಅರಿಯಬಹುದೆಂಬುದನ್ನು ಫ್ರಾನ್ಸಿನ ಫೆರೆ 1888ರಲ್ಲಿ ತೋರಿಸಿದ್ದನು. ಎರಡು ಬೆರಳುಗಳಿಗೆ ಲೋಹದ ಬಿಲ್ಲೆಗಳನ್ನು ಕಟ್ಟಿ ಅತ್ಯಲ್ಪ ವಿದ್ಯುತ್ತನ್ನು ಹರಿಯಿಸಿದರೆ, ಬೆವರು ಲವಣಯುಕ್ತವಾದುದರಿಂದ, ಒದ್ದೆಯ ಚರ್ಮದಲ್ಲಿ ಅದು ಸರಾಗವಾಗಿ ಹರಿಯುತ್ತದೆ. ಹಠಾತ್ತನೆ ಸದ್ದೊಂದು ಕೇಳಿದರೆ ಒಂದರಿಂದ ಮೂರು ಸೆಕೆಂಡುಗಳೊಳಗೆ ಈ ವಾಹಕತೆ ಏರತೊಡಗುತ್ತದೆ. ಇದನ್ನು ಮೈಕ್ರೋಸೀಮೆನ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಆದರೆ ಗಾಳಿಯ ಉಷ್ಣತೆ ತೇವಗಳೂ ಇದರ ಮೇಲೆ ಪರಿಣಾಮ ಬೀರುವುದರಿಂದ, ನಮ್ಮ ಕರಾವಳಿಯ ಸೆಕೆಯಲ್ಲಿ ಅಳೆಯುವವರು ವಿಶೇಷ ಎಚ್ಚರ ವಹಿಸಬೇಕು.

ಅಳತೆ ಸರಿಯಾಗಿದ್ದರೂ ಅರ್ಥ ತಪ್ಪಾಗಬಹುದು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಮಣಿಪಾಲವು ವೈದ್ಯವಿದ್ಯೆಯ ಊರಾಗಿದೆ. ವೈದ್ಯರಾಗಲು ಕಲಿಯುವವರು ಎಲ್ಲಿಯೇ ಆಗಲಿ ತಿಳಿಯಬೇಕಾದ ಸಂಗತಿಯೊಂದುಂಟು: ಮನೆಯಲ್ಲಿ ಸಹಜವಾಗಿರುವ ರಕ್ತದೊತ್ತಡವು ಕೆಲವರಲ್ಲಿ ವೈದ್ಯರ ಬಿಳಿಯ ಕೋಟನ್ನು ಕಂಡ ಮಾತ್ರಕ್ಕೆ ಏರುತ್ತದೆ. ಒಂದೇ ಅಳತೆಯನ್ನು ನಂಬಿದರೆ ಅಂತಹವರಿಗೆ ಬೇಡದ ಔಷಧ ಕೊಟ್ಟಂತಾದೀತು.

ನ್ಯಾಯಾಲಯದಲ್ಲಿ ಈ ತಪ್ಪಿನ ಬೆಲೆ ಇನ್ನೂ ದೊಡ್ಡದು. 1921ರಲ್ಲಿ ಅಮೆರಿಕದ ಜಾನ್ ಲಾರ್ಸನ್ ರಚಿಸಿದ ‘ಸುಳ್ಳುಪತ್ತೆ’ ಯಂತ್ರವು ನಾಡಿ, ರಕ್ತದೊತ್ತಡ, ಉಸಿರಾಟಗಳನ್ನು ಕಾಗದದ ಮೇಲೆ ಗೀಚುತ್ತಿತ್ತು. ಸುಳ್ಳು ಹೇಳುವವನ ಎದೆ ಬಡಿದುಕೊಳ್ಳಬಹುದು. ಆದರೆ ಸತ್ಯವನ್ನು ಹೇಳಿಯೂ ತನ್ನನ್ನು ಯಾರೂ ನಂಬರೆಂದು ಹೆದರಿದ ನಿರಪರಾಧಿಯ ಎದೆಯೂ ಹಾಗೆಯೇ ಬಡಿದುಕೊಳ್ಳುತ್ತದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಪಿತ್ತು, ಯಾರನ್ನೂ ಬಲಾತ್ಕಾರದಿಂದ ಇಂತಹ ಪರೀಕ್ಷೆಗೆ ಒಳಪಡಿಸಬಾರದೆಂದು ಸಾರಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಒತ್ತಾಯಿಸಬಾರದೆಂಬುದು ಸಂವಿಧಾನದ 20(3)ನೆಯ ವಿಧಿ.

ಇಂದು ಕೈಗಡಿಯಾರಗಳೂ ಹಸುರು ಬೆಳಕನ್ನು ಚರ್ಮಕ್ಕೆ ಹಾಯಿಸಿ, ರಕ್ತದ ಏರಿಳಿತದಿಂದ ನಾಡಿಯನ್ನೆಣಿಸಿ, ‘ನಿಮಗೆ ಒತ್ತಡವಿದೆ’ ಎಂದು ಸೂಚಿಸುತ್ತವೆ. ಉದ್ವೇಗ ಎಷ್ಟೆಂಬುದನ್ನು ಅವು ಒಂದು ಮಟ್ಟಿಗೆ ಹೇಳಬಲ್ಲವು. ಅದು ಭಯವೋ ಸಂತೋಷವೋ ಎಂಬುದನ್ನು ನಾಡಿಯೊಂದರಿಂದಲೇ ನಿರ್ಣಯಿಸಲಾಗದು.

ಹಾಗಾದರೆ ಕಾರಣವನ್ನು ಬೇರ್ಪಡಿಸುವುದು ಹೇಗೆ? ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸುವುದೇ ವಿಜ್ಞಾನದ ಮಾರ್ಗ. 1432ರಲ್ಲಿ ಸ್ಥಾಪಿತವಾದ 42 ಅಡಿಯ ಗೊಮ್ಮಟನನ್ನು ಕಾಣಲು ಕಾರ್ಕಳದ ಬೆಟ್ಟದ ಮೆಟ್ಟಿಲುಗಳನ್ನೇರಿದಾಗ ನಾಡಿಯನ್ನೆಣಿಸಿರಿ. ಆ ಪ್ರಶಾಂತ ಮೂರ್ತಿಯ ಮುಂದೆ ಕುಳಿತು ವಿಶ್ರಮಿಸಿ ಪುನಃ ಎಣಿಸಿರಿ. ಆಯಾಸದ ಪಾಲು ಇಳಿದಿರುತ್ತದೆ. ಕಾಪುವಿನಲ್ಲಿಯೂ ಹಾಗೆಯೇ ವಿಶ್ರಮಿಸಿ, ಬಡಿತ ಇಳಿದ ಮೇಲೆ ಕೆಳಗೆ ನೋಡಿರಿ. ಆಗ ಬಡಿತವು ಮತ್ತೆ ಏರಿದರೆ ಅದು ಮೆಟ್ಟಿಲಿನ ಆಯಾಸವಾಗಿರಲಾರದು. ಆದರೆ ಭಯವೋ ಹರ್ಷವೋ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲು ಜೊತೆಗಾರನನ್ನೇ ಕೇಳಬೇಕು.